ದೊಡ್ಡಮ್ಮ ಸೇರಿಸಿದ ಸಾಲು

ಇಂಗ್ಲೆಂಡಿನ ಪಾಪ್ ತಂಡ ಬೀಟಲ್ಸ್ ಒಡೆದುಹೋದ ವರ್ಷ, 1970ರ ಡಿಸೆಂಬರ್‌ನಲ್ಲಿ, ಆ ತಂಡದ ಜಾನ್ ಲೆನನ್ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಗೆ ಒಂದು ಉದ್ದನೆಯ ಸಂದರ್ಶನ ಕೊಟ್ಟ. ಸಂದರ್ಶನ ಅನ್ನುವುದಕ್ಕಿಂತ ಬೈಗುಳದ ಸಂತರ್ಪಣೆ ಅನ್ನಬಹುದು. ತಂಡದ ಜೊತೆಗಾರ ಪಾಲ್ ಮೆಕಾರ್ಟ್ನಿಗೆ ಬಡಿಸಿದ, ಜಾರ್ಜ್ ಹ್ಯಾರಿಸನ್‌ನನ್ನೂ ಬಿಡಲಿಲ್ಲ. ಆ ಪಂಕ್ತಿಯಲ್ಲಿ ಒಂದು ಪುಸ್ತಕಕ್ಕೂ ಎಲೆ ಹಾಕಿದ. ಹಂಟರ್ ಡೇವಿಸ್ ಎಂಬ ಪತ್ರಕರ್ತ ಬರೆದು 1968ರಲ್ಲಿ ಹೊರಬಂದ, ಬೀಟಲ್ಸ್ ತಂಡದ ಅಧಿಕೃತ ಜೀವನಚರಿತ್ರೆ ಅದು. ಬರೀ ಬುರುಡೆ ಅಂದ. ಊರೂರು ತಿರುಗಿ ಹಾಡುತ್ತಿದ್ದ ದಿನಗಳ ಹೊಲಸು ಒಂದೂ ಅದರಲ್ಲಿಲ್ಲ ಅಂದ. ತನ್ನ ಬಾಲ್ಯ ಮತ್ತು ತಾಯಿಯ ಬಗ್ಗೆ ಇದ್ದ ನಿಜವನ್ನೆಲ್ಲ ದೊಡ್ಡಮ್ಮ ತೆಗೆಸಿಹಾಕಿದರು, ತಾನೂ ಹೂಂ ಅಂದುಬಿಟ್ಟೆ, ಅದು ತನ್ನದೇ ಪುಕ್ಕಲುತನ ಅಂತಲೂ ಹೇಳಿದ. ಅದಕ್ಕಿಂತ 1964ರಲ್ಲಿ ಮೈಕಲ್ ಬ್ರೌನ್ ಬರೆದ ಪುಸ್ತಕವೇ ವಾಸಿ, ನಾವು ಎಷ್ಟು ಕೆಟ್ಟವರಾಗಿದ್ದೆವೋ ಅಷ್ಟನ್ನೂ ಬರೆದಿದ್ದಾನೆ ಎಂದ.

ಕಥಾನಾಯಕನೇ ಬುರುಡೆ ಅಂದ ಮೇಲೆ ಆ ಪುಸ್ತಕವನ್ನು ಯಾಕೆ ಓದಬೇಕು? ನ್ಯಾಯವಾದ ಪ್ರಶ್ನೆ. ಆದರೂ ಬೀಟಲ್ಸ್ ಬಗ್ಗೆ ಬಂದ ರಾಶಿ ರಾಶಿ ಪುಸ್ತಕಗಳಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಇದನ್ನೇ. ಇದಕ್ಕಿಂತ ದೊಡ್ಡ, ಜಾಸ್ತಿ ನಂಬಬಹುದಾದ ಪುಸ್ತಕಗಳಿವೆ. ಇತಿಹಾಸಕಾರ ಮಾರ್ಕ್ ಲೂಯಿಸೋನ್ 2013ರಲ್ಲಿ ತಂದ ಬೀಟಲ್ಸ್ ಚರಿತ್ರೆಯ ಮೊದಲ ಸಂಪುಟ ಇಟ್ಟಿಗೆಯಷ್ಟು ದಪ್ಪ, ಆದರೂ ಕತೆ 1962ರ ಕೊನೆಗೆ ನಿಂತುಹೋಗುತ್ತದೆ. ಅಂದರೆ ಜಗತ್ತಿಗೆ ಬೀಟಲ್ಸ್ ಹೆಸರು ಗೊತ್ತಾಗುವ ಮೊದಲೇ. ಯಾವ ತಾರೀಖು, ಯಾವ ಬಸ್ಸು, ಯಾರ ಸಾಲ, ಎಲ್ಲ ಅದರಲ್ಲಿದೆ. ಅದಕ್ಕೆ ಯಾರ ಅನುಮತಿಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಧಿಕೃತ ಅಂದ ಕೂಡಲೇ ನಮಗೆ ನೆನಪಾಗುವುದು ಅಭಿನಂದನ ಗ್ರಂಥ ತಾನೆ? ಶಾಲು ಹೊದ್ದ ಫೋಟೋ, ಗಣ್ಯರ ಶುಭಾಶಯ, ಚಿಕ್ಕಂದಿನಿಂದಲೇ ಪ್ರತಿಭಾವಂತರು ಅನ್ನುವ ಲೇಖನ. ಸಮಾರಂಭ ಮುಗಿದ ಮೇಲೆ ಗ್ರಂಥ ಅಟ್ಟ ಸೇರುತ್ತದೆ. ಡೇವಿಸ್ ಪುಸ್ತಕವನ್ನೂ ನಾನು ಅದೇ ಅನುಮಾನ ಇಟ್ಟುಕೊಂಡೇ ತೆರೆದೆ. ಓದುತ್ತಾ ಹೋದಂತೆ ಬೇರೆಯೇ ಒಂದು ವಿಷಯ ಕಾಣತೊಡಗಿತು. ಅನುಮತಿ ಕೊಟ್ಟವರು ಏನನ್ನು ಮುಚ್ಚಬೇಕು ಅಂತ ಯೋಚಿಸುತ್ತಾರೋ ಅದು ತೀರಾ ಕಡಿಮೆ. ದೊಡ್ಡ ದೊಡ್ಡ ಗುಟ್ಟುಗಳು ಮಾತ್ರ ಅವರ ತಲೆಯಲ್ಲಿರುತ್ತವೆ. ಮಧ್ಯಾಹ್ನ ಸೋಫಾ ಮೇಲೆ ಕೂತು ಏನು ಮಾತಾಡಿದೆವು ಅನ್ನುವುದನ್ನು ಮುಚ್ಚಬೇಕು ಅಂತ ಯಾರಿಗೂ ಅನಿಸುವುದಿಲ್ಲ. ಗುಟ್ಟುಗಳು ಹೇಗೂ ಹತ್ತಿಪ್ಪತ್ತು ವರ್ಷಕ್ಕೆ ಹೊರಗೆ ಬಂದುಬಿಡುತ್ತವೆ. ಆ ಮಧ್ಯಾಹ್ನವನ್ನು ಯಾರೂ ಬರೆದಿಡದಿದ್ದರೆ ಅದು ಹೋಯಿತು ಅಂತಲೇ ಲೆಕ್ಕ.

ಈ ಪುಸ್ತಕ ಹುಟ್ಟಿದ ರೀತಿ ಸರಳ. ಡೇವಿಸ್ ಆಗ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯಲ್ಲಿ ಆಟಿಕಸ್ ಎಂಬ ಅಂಕಣ ಬರೆಯುತ್ತಿದ್ದರು. ಹುಟ್ಟಿದ್ದು ಸ್ಕಾಟ್ಲೆಂಡ್‌ನಲ್ಲಿ, ಬೆಳೆದದ್ದು ಕಾರ್ಲೈಲ್‌ನಲ್ಲಿ. ಬೀಟಲ್ಸ್ ಹುಡುಗರ ಹಾಗೆ ಅವರೂ ಉತ್ತರದಿಂದ ಲಂಡನ್ನಿಗೆ ಬಂದವರು. ಬಹುಶಃ ಅದೂ ಸ್ವಲ್ಪ ಕೆಲಸ ಮಾಡಿರಬೇಕು. 1966ರ ಆಗಸ್ಟ್‌ನಲ್ಲಿ ‘ಎಲಿನರ್ ರಿಗ್ಬಿ’ ಹಾಡು ಬಂದಿತ್ತು. ಅದರ ಬಗ್ಗೆ ಕೇಳಲು ಸೆಪ್ಟೆಂಬರ್‌ನಲ್ಲಿ ಪಾಲ್‌ನ ಮನೆಗೆ ಹೋದರು. ಲಾರ್ಡ್ಸ್ ಕ್ರಿಕೆಟ್ ಮೈದಾನದ ಪಕ್ಕದಲ್ಲೇ ಇರುವ ಕ್ಯಾವೆಂಡಿಶ್ ಅವೆನ್ಯೂದಲ್ಲಿ ಆ ಮನೆ. ಆಮೇಲೆ ಡೇವಿಸ್‌ರ ಒಂದು ಕಾದಂಬರಿ ಸಿನಿಮಾ ಆಗುತ್ತಿತ್ತು, ಅದಕ್ಕೆ ಹಾಡು ಮಾಡಿಕೊಡುತ್ತೀರಾ ಅಂತ ಕೇಳಲು ಇನ್ನೊಮ್ಮೆ ಹೋದರು. ಹಾಡು ಸಿಗಲಿಲ್ಲ. ಆದರೆ ನಿಮ್ಮ ಬಗ್ಗೆ ಒಂದು ಸರಿಯಾದ ಪುಸ್ತಕ ಯಾಕಾಗಬಾರದು ಎಂದು ಕೇಳಿದರು. ನಮ್ಮ ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್ ಒಪ್ಪಬೇಕು ಅಂದ ಪಾಲ್, ಅಲ್ಲೇ ಕೂತು ಬ್ರಯನ್‌ಗೆ ಪತ್ರ ಬರೆಯಲೂ ನೆರವಾದ. 1967ರ ಜನವರಿಯಲ್ಲಿ ಎಪ್‌ಸ್ಟೀನ್ ಒಪ್ಪಿಕೊಂಡರು.

ಇವತ್ತು ನಗು ಬರುವ ವಿಷಯ ಒಂದಿದೆ. ಬೀಟಲ್ಸ್ ಬಗ್ಗೆ ಗೊತ್ತಾಗಬೇಕಾದ್ದೆಲ್ಲ ಆಗಲೇ ಗೊತ್ತಾಗಿದೆಯಲ್ಲ, ಇನ್ನೇನು ಬರೆಯುತ್ತೀರಿ ಅನ್ನುವ ಮಾತು ಪ್ರಕಾಶಕರ ಕಡೆಯಿಂದಲೇ ಬಂದಿತ್ತು ಅಂತ ಡೇವಿಸ್ ಆಮೇಲೆ ಹೇಳಿಕೊಂಡಿದ್ದಾರೆ. ಆ ಹೊತ್ತಿನಲ್ಲಿ ನಿಂತು ನೋಡಿದರೆ ಅದು ದಡ್ಡ ಮಾತೇನಲ್ಲ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ಬೀಟಲ್ಸ್ ವೇದಿಕೆ ಬಿಟ್ಟಿದ್ದರು. ಪಾಪ್ ತಂಡ ಅಂದರೆ ಎರಡು ಮೂರು ವರ್ಷದ ಮಾತು ಅಂತ ಎಲ್ಲರೂ ನಂಬಿದ್ದ ಕಾಲ. ಇವರದು ಮುಗಿಯಿತು ಅಂತ ಜನ ಅಂದುಕೊಳ್ಳುವಾಗ ಡೇವಿಸ್ ಒಳಗೆ ಹೋದರು. ಒಳಗೆ ‘ಸಾರ್ಜೆಂಟ್ ಪೆಪ್ಪರ್’ ಎಂಬ ಹೊಸ ಆಲ್ಬಂ ತಯಾರಾಗುತ್ತಿತ್ತು.

ಸುಮಾರು ಒಂದೂವರೆ ವರ್ಷ ಅವರು ಆ ನಾಲ್ವರ ಮನೆ, ಸ್ಟುಡಿಯೋ, ಅಪ್ಪ ಅಮ್ಮಂದಿರ ಮನೆ ಅಂತ ಓಡಾಡಿದರು. ಸ್ಟುಡಿಯೋದ ಕತೆ ಬೇರೆ ಪುಸ್ತಕಗಳಲ್ಲೂ ಇದೆ. ನನಗೆ ಇಷ್ಟವಾದದ್ದು ಅಪ್ಪ ಅಮ್ಮಂದಿರ ಪುಟಗಳು. ಮಕ್ಕಳು ಇಪ್ಪತ್ಮೂರು ಇಪ್ಪತ್ನಾಲ್ಕನೇ ವಯಸ್ಸಿಗೆ ಕುಬೇರರಾದಾಗ ಹೆತ್ತವರ ಬದುಕು ಏನಾಗುತ್ತದೆ ಅಂತ ಯಾರು ಕೇಳಿದ್ದರು? ಜಾರ್ಜ್‌ನ ಅಪ್ಪ ಹೆರಾಲ್ಡ್ ಲಿವರ್‌ಪೂಲ್‌ನಲ್ಲಿ ಬಸ್ ಓಡಿಸುತ್ತಿದ್ದವರು. ಡ್ರಮ್ಮರ್ ರಿಂಗೋನ ಅಮ್ಮ ಎಲ್ಸಿ ಬಾರ್‌ನಲ್ಲಿ ಕೆಲಸ ಮಾಡಿ, ಪದೇ ಪದೇ ಆಸ್ಪತ್ರೆ ಸೇರುತ್ತಿದ್ದ ಒಬ್ಬನೇ ಮಗನನ್ನು ಸಾಕಿದವರು. ಪಾಲ್‌ನ ಅಪ್ಪ ಜಿಮ್ ಹತ್ತಿ ವ್ಯಾಪಾರದಲ್ಲಿ ಮಾರಾಟದ ಕೆಲಸದಲ್ಲಿದ್ದರು. ಹರೆಯದಲ್ಲಿ ತಮ್ಮದೇ ಜಾಝ್ ಬ್ಯಾಂಡ್ ಕಟ್ಟಿದ್ದರು. 1956ರಲ್ಲಿ ಹೆಂಡತಿ ಮೇರಿ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಬೆಳೆಸಿದರು. 1964ರಲ್ಲಿ, ಅವರ 62ನೇ ಹುಟ್ಟುಹಬ್ಬಕ್ಕೆ, ಪಾಲ್ ಒಂದು ರೇಸ್ ಕುದುರೆಯನ್ನೇ ಕೊಡಿಸಿದ. ಕುದುರೆ ಓಟಕ್ಕೆ ಆಗಾಗ ಸಣ್ಣಪುಟ್ಟ ಬಾಜಿ ಕಟ್ಟುತ್ತಿದ್ದ ಮನುಷ್ಯ ಒಂದೇ ದಿನದಲ್ಲಿ ಕುದುರೆಯ ಯಜಮಾನ!

ಎಲ್ಲರೂ ಹಳೆಯ ಬಾಡಿಗೆ ಮನೆ ಬಿಟ್ಟು, ಮಕ್ಕಳು ಕೊಡಿಸಿದ ಹೊಸ ಮನೆಗಳಿಗೆ ಹೋಗಿದ್ದರು. ಸುತ್ತ ಪರಿಚಯದವರಿಲ್ಲ. ಬಾಗಿಲಿಗೆ ಅಭಿಮಾನಿಗಳು ಬರುವುದು ಮಾತ್ರ ನಿಂತಿರಲಿಲ್ಲ. ಜಾರ್ಜ್‌ನ ಅಮ್ಮ ಲೂಯಿಸ್ ಅಭಿಮಾನಿಗಳ ಪತ್ರಗಳಿಗೆ ಕೂತು ಉತ್ತರ ಬರೆಯುತ್ತಿದ್ದರು. ಬೇಸರವಿಲ್ಲದೆ, ಖುಷಿಯಿಂದ. ಡೇವಿಸ್ ಇವರನ್ನೆಲ್ಲ ಲೇವಡಿ ಮಾಡುವುದಿಲ್ಲ, ಅಯ್ಯೋ ಪಾಪ ಅಂತಲೂ ಅನ್ನುವುದಿಲ್ಲ. ಕೂತು ಕೇಳಿಸಿಕೊಂಡು ಬರೆದಿದ್ದಾರೆ, ಅಷ್ಟೇ. ಲೂಯಿಸ್ 1970ರಲ್ಲಿ ತೀರಿಕೊಂಡರು. 1976ರ ಮೊದಲ ನಾಲ್ಕು ತಿಂಗಳಲ್ಲೇ ಜಿಮ್ ಮೆಕಾರ್ಟ್ನಿ, ಜಾನ್‌ನ ಅಪ್ಪ ಫ್ರೆಡ್ ಲೆನನ್, ತಂಡದ ಜೊತೆ ಸದಾ ಇದ್ದ ಸಹಾಯಕ ಮಾಲ್ ಇವಾನ್ಸ್ ಮೂವರೂ ಹೋದರು. ಆಮೇಲೆ ಎಷ್ಟು ದೊಡ್ಡ ಸಂಶೋಧಕ ಬಂದರೂ ಈ ಜನರನ್ನು ಮಾತಾಡಿಸಲು ಆಗುತ್ತಿರಲಿಲ್ಲ. 1967ರಲ್ಲಿ ಅವರ ಬಾಗಿಲು ತೆರೆಸಿದ್ದು ಅಧಿಕೃತ ಅನ್ನುವ ಮುದ್ರೆಯೇ. ಬೇರೆ ಪತ್ರಕರ್ತರಿಗೆ ಆ ಹೊತ್ತಿಗೆ ಎಲ್ಲರೂ ಬಾಗಿಲು ಹಾಕಿಕೊಳ್ಳುವುದನ್ನು ಕಲಿತಿದ್ದರು.

ಫ್ರೆಡ್ ಲೆನನ್ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈತ ಹಡಗಿನಲ್ಲಿ ಕೆಲಸ ಮಾಡುತ್ತಿದ್ದವನು. ಜಾನ್ ಪುಟ್ಟ ಮಗುವಾಗಿದ್ದಾಗಲೇ ಸಂಸಾರದಿಂದ ದೂರವಾದ. ಮಗ ಜಗತ್ತಿಗೇ ಗೊತ್ತಾದ ಮೇಲೆ ಮತ್ತೆ ಕಾಣಿಸಿಕೊಂಡ. ಡೇವಿಸ್ ಹುಡುಕಿಕೊಂಡು ಹೋದಾಗ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಆತ ಹೇಳಿದ ಒಂದು ಪ್ರಸಂಗ ಈ ಪುಸ್ತಕದಿಂದಲೇ ಲೋಕಪ್ರಸಿದ್ಧವಾಯಿತು. 1946, ಬ್ಲ್ಯಾಕ್‌ಪೂಲ್. ಐದು ವರ್ಷದ ಜಾನ್‌ನನ್ನು ನಡುವೆ ನಿಲ್ಲಿಸಿ, ಅಪ್ಪ ಬೇಕಾ ಅಮ್ಮ ಬೇಕಾ ಅಂತ ಕೇಳುತ್ತಾರೆ. ಮಗು ಅಪ್ಪ ಅನ್ನುತ್ತದೆ. ಅಮ್ಮ ಹೊರಟಾಗ ತಡೆಯಲಾರದೆ ಅವಳ ಹಿಂದೆ ಓಡುತ್ತದೆ. ಇದನ್ನು ಓದಿ ಕಣ್ಣು ಒದ್ದೆ ಮಾಡಿಕೊಳ್ಳದವರು ಯಾರು? ಆಮೇಲೆ ಬಂದ ಪುಸ್ತಕಗಳು, ಸಿನಿಮಾಗಳು, ಲೆನನ್ ಮನಸ್ಸನ್ನು ಬಗೆದು ನೋಡುವ ಲೇಖನಗಳು ಎಲ್ಲವೂ ಇದರ ಮೇಲೆಯೇ ನಿಂತವು.

ಆದರೆ ಆ ದಿನ ಆ ಮನೆಯಲ್ಲೇ ಇದ್ದ ಫ್ರೆಡ್‌ನ ಹಡಗಿನ ಗೆಳೆಯ ಹೇಳಿದ್ದೇ ಬೇರೆ. ಲೂಯಿಸೋನ್ ಅವನ ಮಾತನ್ನು ದಾಖಲಿಸಿದ್ದಾರೆ. ಅಂಥ ಹಗ್ಗಜಗ್ಗಾಟ ನಡೆಯಲೇ ಇಲ್ಲ, ಗಂಡ ಹೆಂಡತಿ ಮಾತಾಡಿಕೊಂಡರು, ಮಗು ತಾಯಿಯ ಜೊತೆ ಹೋಯಿತು, ಅಷ್ಟೇ ಅನ್ನುತ್ತಾನೆ ಅವನು. ನನಗಂತೂ ಇದೇ ನಿಜ ಅನಿಸುತ್ತದೆ. ಫ್ರೆಡ್‌ಗೆ ಒಂದು ಒಳ್ಳೆಯ ಕತೆ ಬೇಕಿತ್ತು. ಮಗ ಮೊದಲು ತನ್ನನ್ನೇ ಆರಿಸಿಕೊಂಡಿದ್ದ ಅನ್ನುವ ಕತೆ. ಗಮನಿಸಿ, ಪುಸ್ತಕದ ಈ ದೊಡ್ಡ ತಪ್ಪಿಗೆ ಅನುಮತಿ ಕಾರಣವಲ್ಲ. ಯಾರೂ ಇದನ್ನು ಸೇರಿಸಿ ಅಂತ ಒತ್ತಾಯ ಮಾಡಿರಲಿಲ್ಲ. ಒಬ್ಬನ ಮಾತನ್ನು ಇನ್ನೊಬ್ಬನಿಂದ ತಾಳೆ ನೋಡದಿದ್ದರೆ ಅಧಿಕೃತವಲ್ಲದ ಪುಸ್ತಕದಲ್ಲೂ ಇದೇ ಆಗುತ್ತದೆ. ತಾರೀಖು, ಹೆಸರಾಗುವ ಮೊದಲು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಾಡುತ್ತಿದ್ದ ದಿನಗಳ ವಿವರ, ಇವುಗಳಲ್ಲೂ ಡೇವಿಸ್ ಅಷ್ಟು ಗಟ್ಟಿಯಲ್ಲ. ಅವರು ಇತಿಹಾಸಕಾರರಲ್ಲ, ಪತ್ರಕರ್ತರು. ಕಣ್ಣೆದುರು ನಡೆದದ್ದನ್ನು ಬರೆಯುವಾಗ ಮಾತ್ರ ಅವರನ್ನು ಮೀರಿಸುವುದು ಕಷ್ಟ.

ಅಂಥದ್ದಕ್ಕೆ ಒಳ್ಳೆಯ ಉದಾಹರಣೆ 1967ರ ಮಾರ್ಚ್‌ನ ಒಂದು ಮಧ್ಯಾಹ್ನ. ಪಾಲ್‌ನ ಮನೆಯಲ್ಲಿ ಜಾನ್ ಮತ್ತು ಪಾಲ್ ರಿಂಗೋಗಾಗಿ ಒಂದು ಹಾಡು ಬರೆಯುತ್ತಿದ್ದಾರೆ. ಆಮೇಲೆ ಅದು ‘ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ ಆಯಿತು. ಡೇವಿಸ್ ಮೂಲೆಯಲ್ಲಿ ಕೂತಿದ್ದಾರೆ. ಜಾನ್‌ನ ಹೆಂಡತಿ ಸಿಂಥಿಯಾ ಏನೋ ಓದುತ್ತಾ ಇದ್ದಾಳೆ. ಇಬ್ಬರೂ ಗಿಟಾರ್ ಹಿಡಿದು ಸುಮ್ನೆ ಟಿಂಗ್ ಟಿಂಗ್ ಅನ್ನಿಸುತ್ತಿದ್ದಾರೆ. ಒಂದು ಸಾಲು ಬರುತ್ತದೆ. ಅದಕ್ಕೆ ಕೂಡುವ ಇನ್ನೊಂದು ಸಾಲು ಬರುವುದಿಲ್ಲ. ಬೇಜಾರಾದಾಗ ಹಾಡು ಬಿಟ್ಟು ತಮ್ಮದೇ ಹಳೆಯ ಹಾಡನ್ನು ಗೇಲಿ ಮಾಡಿಕೊಂಡು ಹಾಡುತ್ತಾರೆ, ಮತ್ತೆ ಇದಕ್ಕೇ ಬರುತ್ತಾರೆ. ಸಿಂಥಿಯಾ ಒಂದು ಸಾಲು ಸೂಚಿಸುತ್ತಾಳೆ. ಅದರಲ್ಲಿ ‘ಜಸ್ಟ್’ ಇತ್ತು. ಜಾನ್ ಒಪ್ಪುವುದಿಲ್ಲ. ಅದು ಸುಮ್ಮನೆ ಜಾಗ ತುಂಬುವ ಪದ, ಅದಕ್ಕೇನೂ ಅರ್ಥವಿಲ್ಲ ಅನ್ನುತ್ತಾನೆ.

ಈ ಪುಟಗಳನ್ನು ಓದುವಾಗ ಸೋಜಿಗವಾಗುವುದು ಯಾಕೆ ಗೊತ್ತಾ? ಇದರಲ್ಲಿ ಸೋಜಿಗವೇನೂ ಇಲ್ಲ. ಮಿಂಚು ಹೊಡೆಯುವುದಿಲ್ಲ, ಸ್ಫೂರ್ತಿ ಇಳಿದು ಬರುವುದಿಲ್ಲ. ಇಬ್ಬರು ಕೆಲಸಗಾರರು ಒಂದು ಕೆಲಸವನ್ನು ಸಂಜೆಯೊಳಗೆ ಮುಗಿಸಲು ನೋಡುತ್ತಿದ್ದಾರೆ, ಯಾಕೆಂದರೆ ರೆಕಾರ್ಡಿಂಗ್ ಕಾಯುತ್ತಿದೆ. ಲೆನನ್ ಮತ್ತು ಮೆಕಾರ್ಟ್ನಿ ಜೊತೆಗೂಡಿ ಹಾಡು ಬರೆಯುವುದನ್ನು ಪಕ್ಕದಲ್ಲೇ ಕೂತು, ಕೈಯಲ್ಲಿ ನೋಟ್‌ಬುಕ್ ಹಿಡಿದು ಕಂಡ ಬರಹಗಾರರು ಬೇರೆ ಯಾರಿದ್ದಾರೆ? ಮುಂದೆ ಯಾವ ಹಾಡು ಯಾರದ್ದು, ಯಾರು ಎಷ್ಟು ಸಾಲು ಬರೆದರು ಅಂತ ಇಬ್ಬರೂ ಪ್ರತ್ಯೇಕವಾಗಿ ಲೆಕ್ಕ ಹೇಳತೊಡಗಿದರು. ಆ ಲೆಕ್ಕಗಳನ್ನು ಓದುವಾಗಲೆಲ್ಲ ನನಗೆ ಈ ಮಧ್ಯಾಹ್ನ ನೆನಪಾಗುತ್ತದೆ. ಇಲ್ಲಿ ಯಾರೂ ಲೆಕ್ಕ ಇಡುತ್ತಿಲ್ಲ.

ಲಂಡನ್ ಹೊರಗಿನ ವೇಬ್ರಿಜ್‌ನಲ್ಲಿದ್ದ ಜಾನ್ ಮನೆಯ ಪುಟಗಳು ಇದಕ್ಕೆ ತದ್ವಿರುದ್ಧ. ದೊಡ್ಡ ಬಂಗಲೆ, ಬಳಸುವುದು ಒಂದು ಮೂಲೆ. ಟಿವಿ ಓಡುತ್ತಿರುತ್ತದೆ, ಯಾರೂ ನೋಡುವುದಿಲ್ಲ. ಜಾನ್ ಗಂಟೆಗಟ್ಟಲೆ ಬಾಯಿ ಬಿಡುವುದಿಲ್ಲ. ಡೇವಿಸ್ ಸಂದರ್ಶನಕ್ಕೆ ಅಂತ ಹೋಗಿ, ಊಟ ಮಾಡಿ, ಈಜಿ, ಏನೂ ಮಾತಾಡದೆ ವಾಪಸ್ ಬಂದದ್ದೂ ಇದೆ. ಹಾಗೇ ಇದ್ದಾಗ ದೂರದಲ್ಲಿ ಪೊಲೀಸ್ ಗಾಡಿಯ ಸೈರನ್ ಕೇಳಿಸುತ್ತದೆ. ಆ ಏರಿಳಿತವನ್ನೇ ಹಿಡಿದು ಜಾನ್ ಪದ ಕೂರಿಸುತ್ತಾನೆ. ಅದು ಆಮೇಲೆ ‘ಐ ಆಮ್ ದಿ ವಾಲ್ರಸ್’ ಸೇರಿತು. ಇಷ್ಟು ದೊಡ್ಡ ಮನೆಯಲ್ಲಿ ಒಬ್ಬ ಯುವಕ ಎಷ್ಟು ಒಂಟಿಯಾಗಿದ್ದ ಅನ್ನುವುದನ್ನು ಡೇವಿಸ್ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಅನುಮತಿಯ ಪುಸ್ತಕದಲ್ಲಿ ಹಾಗೆ ಹೇಳುವಂತೆಯೂ ಇರಲಿಲ್ಲ. ಆದರೂ ಓದಿದವರಿಗೆ ತಿಳಿಯುತ್ತದೆ. ಇದನ್ನು ತೆಗೆಯಿರಿ ಅಂತ ಜಾನ್ ಹೇಳಲಿಲ್ಲ.

ಹಾಗಾದರೆ ತೆಗೆಸಿದ್ದು ಯಾರು, ಏನನ್ನು? ಇಲ್ಲಿ ನನಗೆ ಅಚ್ಚರಿ ಕಾದಿತ್ತು. ಹುಡುಗರು ಹೆಚ್ಚೇನೂ ತೆಗೆಸಲಿಲ್ಲ. ತಾಯಿಯ ಜೊತೆ ಕೊನೆಯವರೆಗೆ ಬಾಳಿದ ಮನುಷ್ಯನ ಬಗ್ಗೆ ತಾನೇ ಆಡಿದ್ದ ಒರಟು ಮಾತನ್ನು ಬಿಟ್ಟುಬಿಡಿ ಅಂತ ಜಾನ್ ಕೇಳಿದ. ಓದಿದರೆ ಆ ಮನೆಯ ಮಕ್ಕಳಿಗೆ ನೋವಾಗುತ್ತದೆ ಎಂದು. ಜಾರ್ಜ್‌ಗೆ ಆಧ್ಯಾತ್ಮದ ಮಾತು ಇನ್ನೂ ಜಾಸ್ತಿ ಬೇಕಿತ್ತು. ತಮ್ಮ ಮಾನ ಕಳೆಯುವ ಮಾತನ್ನು ಮಾತ್ರ ಹಾಗೇ ಬಿಟ್ಟರು. 1962ರ ಆಗಸ್ಟ್‌ನಲ್ಲಿ ರಿಂಗೋಗಿಂತ ಮೊದಲಿದ್ದ ಡ್ರಮ್ಮರ್ ಪೀಟ್ ಬೆಸ್ಟ್‌ನನ್ನು ಹೊರಗೆ ಹಾಕಿದಾಗ ನಾವು ಹೇಡಿಗಳಂತೆ ನಡೆದುಕೊಂಡೆವು, ಆ ಕೆಲಸವನ್ನು ಬ್ರಯನ್ ಕೈಯಲ್ಲಿ ಮಾಡಿಸಿದೆವು ಎಂದು ಜಾನ್ ಒಪ್ಪಿಕೊಂಡದ್ದು ಇದೇ ಪುಸ್ತಕದಲ್ಲಿ. ಡೇವಿಸ್ ಪೀಟ್‌ನನ್ನೂ ಹೋಗಿ ಕಂಡರು. ಬೀಟಲ್ಸ್ ಹೆಸರು ಜಗತ್ತಿನಲ್ಲಿ ಮೊಳಗುತ್ತಿದ್ದಾಗ ಆತ ಲಿವರ್‌ಪೂಲ್‌ನ ಬೇಕರಿಯೊಂದರಲ್ಲಿ ಬ್ರೆಡ್ ಸಾಗಿಸುವ ಕೆಲಸದಲ್ಲಿದ್ದ. ಅಭಿನಂದನ ಗ್ರಂಥಕ್ಕೆ ಈ ಪುಟ ಸೇರುತ್ತಿತ್ತೇ?

ಕತ್ತರಿ ಹಿಡಿದವರು ಇಬ್ಬರು ಹೆಂಗಸರು. ಒಬ್ಬರು ಜಾನ್‌ನ ದೊಡ್ಡಮ್ಮ ಮಿಮಿ. ತಂಗಿ ಜೂಲಿಯಾಳ ಮಗನನ್ನು ಐದನೇ ವಯಸ್ಸಿನಿಂದ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದವರು. ಅಚ್ಚುಕಟ್ಟು, ಶಿಸ್ತು, ನಾಲ್ಕು ಜನ ಏನಂತಾರೆ ಅನ್ನುವ ಎಚ್ಚರ. 1965ರಲ್ಲಿ ಜಾನ್ ಅವರಿಗೆ ಇಂಗ್ಲೆಂಡಿನ ದಕ್ಷಿಣದ ಕಡಲ ತೀರದಲ್ಲಿ, ಪೂಲ್ ಹತ್ತಿರದ ಸ್ಯಾಂಡ್‌ಬ್ಯಾಂಕ್ಸ್‌ನಲ್ಲಿ, ಒಂದು ಮನೆ ಕೊಡಿಸಿದ್ದ. ಹಸ್ತಪ್ರತಿ ನೋಡಿ ಮಿಮಿಗೆ ದಿಗಿಲಾಯಿತು. ನನ್ನ ಹುಡುಗ ಇಷ್ಟು ಹೊಲಸು ಮಾತಾಡುತ್ತಿರಲಿಲ್ಲ, ಅಂಗಡಿಯಲ್ಲಿ ಕದಿಯುತ್ತಿರಲಿಲ್ಲ, ಇದೆಲ್ಲ ಏನು? ದೊಡ್ಡಮ್ಮನನ್ನು ಹೇಗಾದರೂ ಸಮಾಧಾನ ಮಾಡಿ ಅಂತ ಜಾನ್ ಡೇವಿಸ್‌ಗೆ ಹೇಳಿದ. ಕೆಲವು ಕಡೆ ಮಾತು ಮೆದುವಾಯಿತು. ಬಾಲ್ಯದ ಅಧ್ಯಾಯದ ಕೊನೆಗೆ, ಜಾನ್ ಸದಾ ನಗುನಗುತ್ತಾ ಇದ್ದ ಹುಡುಗ ಅನ್ನುವ ಅರ್ಥದ ಮಿಮಿಯ ಮಾತೊಂದು ಸೇರಿತು.

ಆ ಸಾಲು ಇವತ್ತಿಗೂ ಪುಸ್ತಕದಲ್ಲಿದೆ. ಹಿಂದಿನ ಪುಟಗಳಲ್ಲಿ ಮನೆ ಬಿಟ್ಟುಹೋದ ಅಪ್ಪ, ಬೇರೆ ಸಂಸಾರ ಕಟ್ಟಿಕೊಂಡ ಅಮ್ಮ, ಎಲ್ಲ ಓದಿ ಬಂದವನಿಗೆ ಈ ಮಾತು ಕಲ್ಲಿನ ಹಾಗೆ ಕಾಲಿಗೆ ಎಡವುತ್ತದೆ. ನನಗಂತೂ ಅದು ಇಡೀ ಪುಸ್ತಕದ ಅತಿ ನಿಜವಾದ ಸಾಲುಗಳಲ್ಲಿ ಒಂದು. ಅದು ಜಾನ್ ಬಗ್ಗೆ ಏನೂ ಹೇಳುವುದಿಲ್ಲ. ಮಿಮಿಯ ಬಗ್ಗೆ ಎಲ್ಲವನ್ನೂ ಹೇಳುತ್ತದೆ. ತಾನು ಸಾಕಿದ ಮಗು ಖುಷಿಯಾಗಿರಲಿಲ್ಲ ಅಂತ ಪುಸ್ತಕದಲ್ಲಿ ಅಚ್ಚಾಗಿ ಬರುವುದನ್ನು ಯಾವ ದೊಡ್ಡಮ್ಮ ಒಪ್ಪುತ್ತಾಳೆ?

ಇನ್ನೊಬ್ಬರು ಕ್ವೀನಿ ಎಪ್‌ಸ್ಟೀನ್, ಬ್ರಯನ್‌ನ ತಾಯಿ. 1967ರ ಜುಲೈನಲ್ಲಿ ಅವರ ಗಂಡ ತೀರಿಕೊಂಡರು. ಆರು ವಾರ ಕಳೆಯುವುದರೊಳಗೆ, ಆಗಸ್ಟ್ 27ರಂದು, ಮಗ ಬ್ರಯನ್ ಲಂಡನ್ನಿನ ಮನೆಯಲ್ಲಿ ಸತ್ತು ಸಿಕ್ಕರು. ನಿದ್ದೆ ಮಾತ್ರೆ ಜಾಸ್ತಿಯಾಗಿತ್ತು. ವಯಸ್ಸು 32. ಬ್ರಯನ್ ಸಲಿಂಗಿ ಅನ್ನುವುದು ಹತ್ತಿರದವರಿಗೆಲ್ಲ ಗೊತ್ತಿತ್ತು. ಅವರ ಬದುಕಿನ ಬಹುಪಾಲು ಅದು ಇಂಗ್ಲೆಂಡಿನಲ್ಲಿ ಜೈಲಿಗೆ ಕಳಿಸುವ ಅಪರಾಧವಾಗಿತ್ತು. ಕಾನೂನು ಸಡಿಲವಾದದ್ದು ಅದೇ ವರ್ಷದ ಜುಲೈ 27ರಂದು, ಅವರು ಸಾಯುವುದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು. ಬ್ರಯನ್ ಹೋದ ಮೇಲೆ ಪುಸ್ತಕಕ್ಕೆ ಒಪ್ಪಿಗೆ ಕೊಡಬೇಕಾದವರಲ್ಲಿ ತಾಯಿಯೂ ಒಬ್ಬರಾದರು. ಆ ವಿಷಯ ಬೇಡ ಅಂದರು. ಡೇವಿಸ್ ಬರೆಯಲಿಲ್ಲ.

ಇದು ಪುಸ್ತಕದ ದೊಡ್ಡ ಕೊರತೆ. ಬ್ರಯನ್‌ನ ಅಂಜಿಕೆ, ಒಂಟಿತನ, ಹುಡುಗರಿಗಾಗಿ ಪ್ರಾಣ ಬಿಡುವಷ್ಟು ದುಡಿದದ್ದು, ಯಾವುದಕ್ಕೂ ಕಾರಣವೇ ಸಿಗುವುದಿಲ್ಲ. ಚೆನ್ನಾಗಿ ಬಟ್ಟೆ ಹಾಕಿಕೊಂಡ ಒಬ್ಬ ಅಂಗಡಿ ಮಾಲೀಕರ ಮಗ ಯಾಕೆ ಹೀಗೆ ನವೆದುಹೋದ ಅಂತ ಓದುಗನಿಗೆ ತಿಳಿಯುವುದಿಲ್ಲ. ಆದರೂ ಆ ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗಾಗುವುದಿಲ್ಲ. ಗಂಡನೂ ಮಗನೂ ಒಟ್ಟೊಟ್ಟಿಗೆ ಹೋದ ವರ್ಷ ಅದು. ಡೇವಿಸ್ ಮುಂದಿನ ಆವೃತ್ತಿಗಳ ಮುನ್ನುಡಿಯಲ್ಲಿ ಇದನ್ನೆಲ್ಲ ಬಿಚ್ಚಿ ಹೇಳಿದರು. ಒಳ್ಳೆಯ ಕೆಲಸವೆಂದರೆ, 1968ರ ಪಠ್ಯವನ್ನು ತಿದ್ದಿ ನುಣುಪು ಮಾಡಲಿಲ್ಲ. ಹಳೆಯದು ಹಳೆಯದಾಗಿಯೇ ಇದೆ, ಹೇಳದೆ ಬಿಟ್ಟದ್ದು ಮುಂದೆಯೋ ಹಿಂದೆಯೋ ಸೇರಿದೆ.

ಲೆನನ್ ಹೇಳಿದ ಪ್ರವಾಸದ ಹೊಲಸಿನ ಮಾತಿಗೆ ಉತ್ತರ ಬೇಗ ಮುಗಿಯುತ್ತದೆ. ಹುಡುಗರ ಮನೆಗಳಲ್ಲಿ ಹೆಂಡತಿಯರು, ಗೆಳತಿಯರು ಇದ್ದರು. ಜಾನ್ ಮನೆಯಲ್ಲೂ. ಡೇವಿಸ್ ಆ ಮನೆಯಲ್ಲೇ ಊಟ ಮಾಡುತ್ತಿದ್ದರು. ಬೈದದ್ದರ ಬಗ್ಗೆ ಡೇವಿಸ್ ಆಮೇಲೆ ಕೇಳಿದಾಗ, ನಿನಗೆ ಗೊತ್ತಲ್ಲ, ನಾನು ಬಾಯಿಗೆ ಬಂದದ್ದು ಹೇಳುತ್ತೇನೆ ಅನ್ನುವ ಧಾಟಿಯಲ್ಲಿ ಜಾನ್ ಜಾರಿಕೊಂಡನಂತೆ. ಅವನ ಬಾಯಿಗೆ ಅದೇ ಸರಿಯಾದ ವಿವರಣೆ ಅನಿಸುತ್ತದೆ.

ವಿಚಿತ್ರವೆಂದರೆ ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಅದರಲ್ಲಿದ್ದ ಎರಡು ಮನೆಗಳು ಇರಲೇ ಇಲ್ಲ. ಪಾಲ್ ಮತ್ತು ನಟಿ ಜೇನ್ ಆಶರ್‌ಗೆ 1967ರ ಕ್ರಿಸ್‌ಮಸ್ ದಿನ ನಿಶ್ಚಿತಾರ್ಥವಾಗಿತ್ತು. 1968ರ ಜುಲೈನಲ್ಲಿ ಅದು ಮುರಿದುಬಿತ್ತು ಅಂತ ಜೇನ್ ಟಿವಿಯಲ್ಲಿ ಹೇಳಿದಳು. ವೇಬ್ರಿಜ್ ಮನೆಯ ಸಿಂಥಿಯಾ ಅದೇ ಬೇಸಿಗೆಯಲ್ಲಿ ಹೊರಬಿದ್ದಳು. ಜಾನ್ ಯೋಕೋ ಓನೋ ಜೊತೆ ಇದ್ದ. ನವೆಂಬರ್‌ನಲ್ಲಿ ವಿಚ್ಛೇದನ. ಪುಸ್ತಕ ಬಂದದ್ದು ಸೆಪ್ಟೆಂಬರ್‌ನಲ್ಲಿ. ಪ್ರಕಾಶಕರಿಗೆ ಎಂಥ ಪೇಚಾಟ ಅಲ್ವಾ? ಆದರೆ ಐವತ್ತು ವರ್ಷ ಕಳೆದ ಮೇಲೆ ಓದುವವನಿಗೆ ಅದೇ ಲಾಭ. ಆಮೇಲೆ ಬರೆದ ಎಲ್ಲರಿಗೂ ಕೊನೆ ಗೊತ್ತಿತ್ತು. 1967ರಲ್ಲಿ ಯಾರೋ ಬಾಗಿಲು ಜೋರಾಗಿ ಹಾಕಿಕೊಂಡರೂ ಅದು ಒಡಕಿನ ಮೊದಲ ಸೂಚನೆ ಅಂತ ಬರೆಯುತ್ತಾರೆ. ಡೇವಿಸ್‌ಗೆ ಏನೂ ಗೊತ್ತಿಲ್ಲ. ಸಿಂಥಿಯಾ ಅವರಿಗೆ ಕಂಡದ್ದು ಸೋಫಾ ಮೇಲೆ ಓದುತ್ತಾ ಕೂತವಳಾಗಿ, ನಾಳೆ ಹೊರಟುಹೋಗುವವಳಾಗಿ ಅಲ್ಲ. ಜಾನ್‌ಗೂ ಪಾಲ್‌ಗೂ ಏನೂ ಗೊತ್ತಿಲ್ಲ. ತಾವು ಹೇಳುತ್ತಿರುವ ಕತೆಗೆ ಯಾರು ಖಳನಾಯಕ ಅಂತ ಅವರು ಇನ್ನೂ ತೀರ್ಮಾನ ಮಾಡಿರಲಿಲ್ಲ.

ಡೇವಿಸ್ ಇನ್ನೂ ಒಂದು ಕೆಲಸ ಮಾಡಿದರು. ಹಾಡು ಬರೆದು ಬಿಸಾಡಿದ ಚೀಟಿಗಳನ್ನು ಎತ್ತಿಟ್ಟುಕೊಂಡರು. ರೆಕಾರ್ಡಿಂಗ್ ಮುಗಿದ ಮೇಲೆ ನೆಲದ ಮೇಲೆ ಬಿದ್ದಿರುತ್ತಿದ್ದವು, ಬೆಳಗ್ಗೆ ಕಸ ಗುಡಿಸುವವರ ಪಾಲು. ಕೇಳಿ ತೆಗೆದುಕೊಂಡರು, ಯಾರೂ ಬೇಡ ಅನ್ನಲಿಲ್ಲ, ಅವರಿಗೇ ಅದು ಕಸ. ‘ಎ ಹಾರ್ಡ್ ಡೇಸ್ ನೈಟ್’ ಹಾಡಿನ ಸಾಲುಗಳು ಜಾನ್‌ನ ಮಗ ಜೂಲಿಯನ್‌ಗೆ ಬಂದ ಹುಟ್ಟುಹಬ್ಬದ ಕಾರ್ಡಿನ ಹಿಂದೆ ಇವೆ. ಇಂಥ ಹಲವು ಚೀಟಿಗಳನ್ನು ಅವರು ಬ್ರಿಟಿಷ್ ಲೈಬ್ರರಿಗೆ ಎರವಲಾಗಿ ಕೊಟ್ಟರು. 2013ರಲ್ಲಿ ಕೆಲವನ್ನು ಶಾಶ್ವತವಾಗಿ ದಾನ ಮಾಡಿದರು. ಇಂಗ್ಲೆಂಡಿನ ಎಂಟುನೂರು ವರ್ಷ ಹಳೆಯ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ ಇಟ್ಟಿರುವ ಕಡೆಯೇ ಇವೂ ಪ್ರದರ್ಶನಕ್ಕಿವೆ. ಅತಿಥಿಯಾಗಿ ಹೋದವನು ಹೀಗೆ ಎತ್ತಿಕೊಂಡು ಬರಬಹುದೇ ಅಂತ ನನ್ನೊಳಗಿನ ಮಿಮಿ ಕೇಳುತ್ತಾಳೆ. ಎತ್ತಿಕೊಳ್ಳದಿದ್ದರೆ ಕಸದ ಬುಟ್ಟಿ ಸೇರುತ್ತಿತ್ತು ಅನ್ನುವುದೂ ನಿಜ.

ಇಷ್ಟು ಹತ್ತಿರ ಹೋದವರು ದೂರ ನಿಂತು ನೋಡಲು ಸಾಧ್ಯವೇ? ಪುಸ್ತಕ ಬಂದ ಮೇಲೂ ಗೆಳೆತನ ಮುಂದುವರಿಯಿತು. ಡೇವಿಸ್ ಕುಟುಂಬ ಪೋರ್ಚುಗಲ್‌ನ ಪ್ರಾಯಾ ಡ ಲೂಜ಼್‌ನಲ್ಲಿದ್ದಾಗ, 1968ರ ಡಿಸೆಂಬರ್‌ನ ಒಂದು ರಾತ್ರಿ, ಪಾಲ್ ತನ್ನ ಹೊಸ ಗೆಳತಿ ಲಿಂಡಾ ಮತ್ತು ಅವಳ ಪುಟ್ಟ ಮಗಳನ್ನು ಕರೆದುಕೊಂಡು ಹೇಳದೆ ಕೇಳದೆ ಬಂದಿಳಿದ. ಹೀಗೆ ಬಂದು ಬಾಗಿಲು ತಟ್ಟುವವನ ಬಗ್ಗೆ ನಿಷ್ಠುರವಾಗಿ ಬರೆಯುವುದು ಸುಲಭವಲ್ಲ. ಪಾಲ್ ಬಗ್ಗೆ ಡೇವಿಸ್ ಸ್ವಲ್ಪ ಮೆದು ಅನ್ನುವ ದೂರಿನಲ್ಲಿ ಹುರುಳಿದೆ.

ಆದರೆ ಅದೇ ಪಾಲ್‌ಗೆ ಬಿಸಿ ಮುಟ್ಟಿಸಿದವರೂ ಇವರೇ. ಜಾನ್ ಕೊಲೆಯಾದ ಮಾರನೇ ವರ್ಷ, 1981ರ ಮೇ ತಿಂಗಳಲ್ಲಿ, ಪಾಲ್ ಫೋನ್ ಮಾಡಿದ. ಜಾನ್ ಸತ್ತ ಮೇಲೆ ಎಲ್ಲರೂ ಅವನನ್ನು ದೇವರು ಮಾಡುತ್ತಿದ್ದರು. ಪಾಲ್ ಬರೀ ಇಂಪಾದ ಹಾಡು ಕಟ್ಟುವವನು, ಲೆಕ್ಕಾಚಾರದವನು ಅನ್ನುವ ಪುಸ್ತಕಗಳು ಬರುತ್ತಿದ್ದವು. ಒಂದು ಗಂಟೆಗೂ ಹೆಚ್ಚು ಹೊತ್ತು ತನ್ನ ಹೊಟ್ಟೆಯೊಳಗಿನ ಸಂಕಟವನ್ನೆಲ್ಲ ಕಾರಿಕೊಂಡ. ಜಾನ್ ಕೂಡ ಒಳಗೊಳಗೇ ಆಟ ಆಡುವ ಮಹಾ ಕಿಲಾಡಿ, ಅದು ಯಾರಿಗೂ ಗೊತ್ತಾಗಲಿಲ್ಲ ಅನ್ನುವ ಅರ್ಥದ ಮಾತೂ ಬಂತು. ಡೇವಿಸ್ ಕೇಳುತ್ತಾ ಬರೆದುಕೊಂಡರು. 1985ರ ಆವೃತ್ತಿಯಲ್ಲಿ ಅಚ್ಚು ಹಾಕಿದರು. ದೊಡ್ಡ ಗದ್ದಲವಾಯಿತು. ಗೆಳೆಯನ ಜೊತೆ ಖಾಸಗಿಯಾಗಿ ಆಡಿದ ಮಾತು ಅದು, ಪಾಲ್‌ಗೆ ಹಿಡಿಸಲಿಲ್ಲ.

ಮಾಡಬಾರದಿತ್ತು ಅಂತ ನನಗೂ ಅನಿಸುತ್ತದೆ. ಅನಿಸಿದರೂ ಆ ಪುಟಗಳನ್ನು ಬಿಡದೆ ಓದುತ್ತೇನೆ. ಯಾವಾಗಲೂ ಹೆಬ್ಬೆರಳು ಎತ್ತಿ ನಗುವ ಪಾಲ್ ಅಲ್ಲಿ ಇಲ್ಲ. ಗೆಳೆಯನ ಜೊತೆಗಿನ ಜಗಳ ಮುಗಿಸುವ ಮೊದಲೇ ಗೆಳೆಯ ಸತ್ತುಹೋಗಿದ್ದಾನೆ, ಇನ್ನು ಯಾರ ಹತ್ತಿರ ವಾದ ಮಾಡುವುದು ಅಂತ ತಿಳಿಯದ ಒಬ್ಬ ಮನುಷ್ಯ ಇದ್ದಾನೆ. ಆದ್ದರಿಂದ ಈ ಪುಸ್ತಕ ಕೊಳ್ಳುವುದಾದರೆ 1985ರ ಆವೃತ್ತಿ ಅಥವಾ ಅದರ ನಂತರದ್ದನ್ನೇ ಕೊಳ್ಳಿ. ಮುನ್ನುಡಿಯನ್ನು ಮಾತ್ರ ಮೊದಲು ಓದಬೇಡಿ. ನೇರ 1968ರ ಪಠ್ಯಕ್ಕೆ ಹೋಗಿ, ಯಾರಿಗೂ ಏನೂ ಗೊತ್ತಿಲ್ಲದ ಆ ದಿನಗಳನ್ನು ಮೊದಲು ಓದಿ ಮುಗಿಸಿ.